ವಶೀಕರಣದ ಭ್ರಮೆ ಬಿಡಿಸಿದ ಗೋವೆಯ ಪಾದ್ರಿ

ಪಣಜಿಯ ಹಳೆಯ ಸಚಿವಾಲಯದ ಮಗ್ಗುಲಲ್ಲಿ, ಮಾಂಡೋವಿ ಹೊಳೆಯ ಸಮೀಪ, ಕಂಚಿನ ಪ್ರತಿಮೆಯೊಂದಿದೆ. ನಿಲುವಂಗಿ ತೊಟ್ಟ ಪಾದ್ರಿಯೊಬ್ಬರು ಕೈಚಾಚಿ ನಿಂತಿದ್ದಾರೆ. ಎದುರಿಗೆ ಹೆಂಗಸೊಬ್ಬಳು ಮೈಮರೆತು ಒರಗಿದ್ದಾಳೆ. ಕಥೆ ತಿಳಿಯದವರಿಗೆ ಇದು ಯಾವುದೋ ಭಯಾನಕ ಸಿನೆಮಾದ ದೃಶ್ಯದಂತೆ ಕಂಡರೆ ಆಶ್ಚರ್ಯವಿಲ್ಲ. ರಾಮಚಂದ್ರ ಪಾಂಡುರಂಗ ಕಾಮತರು 1945ರಲ್ಲಿ ರೂಪಿಸಿದ ಈ ಪ್ರತಿಮೆ ಅಬ್ಬೆ ಫರಿಯಾ ಅವರದು. ಸಮ್ಮೋಹನಕಾರನ ಕೈಯಲ್ಲಿ ಯಾವ ಮಾಂತ್ರಿಕ ಶಕ್ತಿಯೂ ಇಲ್ಲವೆಂದು ಸಾರಿದವರೇ ಇವರು!

ಜೋಸ್ ಕುಸ್ತೋದಿಯೊ ದ ಫರಿಯಾ ಹುಟ್ಟಿದ್ದು 1756ರಲ್ಲಿ, ಗೋವೆಯ ಬಾರ್ದೇಸಿನ ಕಾಂದೊಳಿಯಲ್ಲಿ. ತಂದೆಯ ಪೂರ್ವಿಕರು ಸಾರಸ್ವತ ಬ್ರಾಹ್ಮಣರಾದ ಶೆಣೈ ಮನೆತನದವರೆಂದು ಹೇಳುತ್ತಾರೆ. ತಂದೆತಾಯಿ ಪರಸ್ಪರ ಬೇರ್ಪಟ್ಟು, ತಂದೆ ಪಾದ್ರಿಯಾದರು, ತಾಯಿ ಸನ್ಯಾಸಿನಿಯಾದರು. ಬಾಲಕ 1771ರಲ್ಲಿ ತಂದೆಯ ಸಂಗಡ ಲಿಸ್ಬನ್ ಸೇರಿದ. ಮುಂದೆ ರೋಮಿನಲ್ಲಿ ವ್ಯಾಸಂಗ ಮಾಡಿ 1780ರಲ್ಲಿ ಗುರುದೀಕ್ಷೆ ಪಡೆದ.

ಪೋರ್ಚುಗಲ್ ರಾಣಿಯ ಎದುರು ಪ್ರವಚನಕ್ಕೆ ನಿಂತಾಗ ತರುಣ ಫರಿಯಾರಿಗೆ ಬಾಯಿ ಕಟ್ಟಿಹೋಯಿತಂತೆ. ಆಗ ತಂದೆ ಮೆಲ್ಲನೆ ಕೊಂಕಣಿಯಲ್ಲಿ, ಎದುರಿಗಿರುವವರೆಲ್ಲ ಬರಿಯ ತರಕಾರಿ, ಕೊಚ್ಚಿಹಾಕು ಎಂಬರ್ಥದ ಮಾತು ಉಸುರಿದರಂತೆ. ಅಂಜಿಕೆ ಹಾರಿಹೋಯಿತು. ಒಂದು ಮಾತು ಮನಸ್ಸನ್ನು ಹೀಗೆ ಬದಲಿಸಬಲ್ಲುದೇ ಎಂಬ ಕುತೂಹಲ ಅಲ್ಲಿಂದಲೇ ಮೊಳೆಯಿತೆಂದು ಗೋವೆಯಲ್ಲಿ ಪ್ರತೀತಿ.

1787ರಲ್ಲಿ ಗೋವೆಯಲ್ಲಿ ಪಿಂಟೊಗಳ ಬಂಡಾಯದ ಸಂಚು ಬಯಲಾಯಿತು. ತಂದೆಮಕ್ಕಳ ಮೇಲೂ ಸಂಶಯ ಬಿತ್ತು. ಫರಿಯಾ ಪ್ಯಾರಿಸಿಗೆ ತೆರಳಿದರು.

ಅಲ್ಲಿ ಮೆಸ್ಮರ್ ಎಂಬ ವೈದ್ಯನ ಪ್ರಾಣಿಕಾಂತ ಚಿಕಿತ್ಸೆ ಆಗಲೇ ಕೋಲಾಹಲ ಎಬ್ಬಿಸಿತ್ತು. ಚಿಕಿತ್ಸಕನ ದೇಹದಿಂದ ಒಂದು ಅದೃಶ್ಯ ದ್ರವ ಹರಿದು ರೋಗಿಯನ್ನು ಸೇರುತ್ತದೆಂಬುದು ಅವನ ವಾದ. ದೊರೆ 16ನೆಯ ಲೂಯಿ 1784ರಲ್ಲಿ ನೇಮಿಸಿದ ಸಮಿತಿಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಲವಾಸಿಯೆ ಮೊದಲಾದವರಿದ್ದರು. ಅಂಥ ದ್ರವವೇ ಇಲ್ಲವೆಂದು ಸಮಿತಿ ತೀರ್ಮಾನಿಸಿತು. ಇದಲ್ಲದೆ ದೊರೆಗೆ ಒಂದು ಗುಪ್ತ ವರದಿಯೂ ಹೋಯಿತು. ಗಂಡಸು ಚಿಕಿತ್ಸಕ, ಹೆಂಗಸು ರೋಗಿ, ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಇದರಿಂದ ಕಾಮ ಕೆರಳಿ ಶೀಲಕ್ಕೆ ಅಪಾಯವಿದೆ ಎಂಬುದು ಅದರ ಸಾರ.

ಈ ಗುಮಾನಿ ಹಬ್ಬಿದ್ದ ಊರಿನಲ್ಲೇ ಫರಿಯಾ 1813ರಲ್ಲಿ ಸಾರ್ವಜನಿಕ ಪ್ರಯೋಗ ಆರಂಭಿಸಿದರು. ನೆರೆದವರಲ್ಲಿ ಹೆಂಗಸರೇ ಹೆಚ್ಚು. ಆದರೆ ಅವರ ಕ್ರಮ ಬೇರೆಯಾಗಿತ್ತು. ಕಣ್ಣು ಮುಚ್ಚಿ ಮನಸ್ಸನ್ನು ಏಕಾಗ್ರಗೊಳಿಸಲು ಹೇಳಿ, ಬಳಿಕ ಗಟ್ಟಿಯಾಗಿ ನಿದ್ರಿಸುವಂತೆ ಆಜ್ಞಾಪಿಸುತ್ತಿದ್ದರು. ದ್ರವವಿಲ್ಲ, ಮಂತ್ರವಿಲ್ಲ, ನಿದ್ರೆಯ ಕಾರಣ ನಿದ್ರಿಸುವವರ ಮನಸ್ಸಿನಲ್ಲೇ ಇದೆ ಎಂಬುದು ಅವರ ಸಿದ್ಧಾಂತ.

ಜನ ಅದನ್ನು ಸುಮ್ಮನೆ ಒಪ್ಪಲಿಲ್ಲ. ನಟನೊಬ್ಬ ನಿದ್ರೆಯ ನಟನೆ ಮಾಡಿ ಅವರನ್ನು ಗೇಲಿಗೀಡುಮಾಡಿದ. 1816ರಲ್ಲಿ ಅವರನ್ನು ಅಣಕಿಸುವ ನಾಟಕವೇ ರಂಗಕ್ಕೆ ಬಂತು. ಬೇಸತ್ತ ಪಾದ್ರಿ ಮರೆಗೆ ಸರಿದು ಗ್ರಂಥರಚನೆಗೆ ತೊಡಗಿದರು. 1819ರ ಸೆಪ್ಟೆಂಬರ್ 20ರಂದು ಬಡತನದಲ್ಲೇ ತೀರಿಕೊಂಡರು. ಗ್ರಂಥ ಪ್ರಕಟವಾದದ್ದೂ ಅದೇ ವರ್ಷ. ಮುಂದೆ ನಾನ್ಸಿ ನಗರದ ವೈದ್ಯರು ಸೂಚನೆಯ ಶಕ್ತಿಯನ್ನು ಎತ್ತಿಹಿಡಿದಾಗ ಫರಿಯಾರ ಮಾತಿಗೆ ಬೆಲೆ ಬಂತು. ಅಷ್ಟರಲ್ಲಿ ಕಾದಂಬರಿಕಾರ ಡ್ಯೂಮಾ ಮಾಂಟೆ ಕ್ರಿಸ್ಟೊ ಕಥೆಯ ಸೆರೆಮನೆಯ ಪಾದ್ರಿಗೆ ಅವರ ಹೆಸರಿಟ್ಟು ಜಗತ್ಪ್ರಸಿದ್ಧಗೊಳಿಸಿದ್ದ.

ಆದರೆ ಸಿನೆಮಾ ಅಪ್ಪಿಕೊಂಡದ್ದು ಹಳೆಯ ಭಯವನ್ನೇ. 1920ರ ಜರ್ಮನ್ ಚಿತ್ರ 'ಡಾಕ್ಟರ್ ಕ್ಯಾಲಿಗರಿ'ಯಲ್ಲಿ ಜಾತ್ರೆಯ ಆಟಗಾರನೊಬ್ಬ ನಿದ್ರಾವಶನಾದ ತರುಣನನ್ನು ಕೊಲೆಗೆ ಕಳುಹಿಸುತ್ತಾನೆ. ಅವನು ಮಲಗಿದ್ದ ತರುಣಿಯ ಚೆಲುವಿಗೆ ಸೋತು, ಕೊಲ್ಲದೆ ಹೊತ್ತೊಯ್ಯುತ್ತಾನೆ. 1932ರ ಅಮೇರಿಕನ್ ಚಿತ್ರ 'ಫ್ರೀಕ್ಸ್' ಇದಕ್ಕಿಂತ ದಿಟವಾದ ಮಾತು ಹೇಳಿತು. ಅದು ಸರ್ಕಸ್ ಡೇರೆಯ ಕಥೆ. ಉಯ್ಯಾಲೆಯಾಟದ ಸುಂದರಿಯೊಬ್ಬಳು ಆಸ್ತಿಯ ಆಸೆಯಿಂದ ಕುಬ್ಜನೊಬ್ಬನನ್ನು ಮದುವೆಯಾಗಿ, ಬಲಶಾಲಿ ಪ್ರಿಯಕರನೊಡನೆ ಕೂಡಿ ವಿಷವಿಕ್ಕುತ್ತಾಳೆ. ಅಲ್ಲಿ ಮಂತ್ರವಾದಿ ಯಾರೂ ಇಲ್ಲ. ಕುಬ್ಜನನ್ನು ಕಟ್ಟಿಹಾಕಿದ್ದು ಅವನದೇ ಮೋಹ. ಬ್ರಿಟನ್ನಿನಲ್ಲಿ ಆ ಚಿತ್ರಕ್ಕೆ ಸುಮಾರು ಮೂವತ್ತು ವರ್ಷ ನಿಷೇಧವಿತ್ತು.

ನಮ್ಮ ಕಡೆಯೂ ಹುಡುಗಿ ಮನೆಯವರ ಮಾತು ಮೀರಿದರೆ ಯಾರೋ ವಶೀಕರಣ ಮಾಡಿದರು ಎನ್ನುವವರಿದ್ದಾರೆ. ಅದನ್ನೇ ಮಾರಿ ಹಣ ಮಾಡುವವರೂ ಇದ್ದಾರೆ. ಹಾಗೆಂದುಬಿಟ್ಟರೆ ಅವಳಿಗೂ ಒಂದು ಮನಸ್ಸಿದೆಯೆಂದು ಒಪ್ಪಬೇಕಾಗಿಲ್ಲ, ಅವಳನ್ನು ಕೂರಿಸಿ ಕೇಳಬೇಕಾಗಿಯೂ ಇಲ್ಲ. ಎರಡು ಶತಮಾನಗಳ ಹಿಂದೆ ನಮ್ಮ ಕರಾವಳಿಯಿಂದಲೇ ಹೋದ ಪಾದ್ರಿ ಬೆರಳಿಟ್ಟು ತೋರಿಸಿದ್ದು ಆ ಮನಸ್ಸನ್ನೇ.