ಅವೊಗಾಡ್ರೊ ಲೆಕ್ಕ

ಅಡುಗೆಮನೆಗೆ ಗ್ಯಾಸ್ ಡಿಟೆಕ್ಟರ್ ಕೂರಿಸುವಾಗಲೆಲ್ಲ ನನಗೆ ನೆನಪಾಗೋದು ಇಟಲಿಯ ಅಮೆಡಿಯೊ ಅವೊಗಾಡ್ರೊ. 1776ರಲ್ಲಿ ಟ್ಯೂರಿನ್‌ನಲ್ಲಿ ಹುಟ್ಟಿದ ಇವರು ಮೊದಲು ಓದಿದ್ದು ಕಾನೂನು. ಆಮೇಲೆ ವಿಜ್ಞಾನಕ್ಕೆ ಬಂದರು. ಒಂದೇ ಉಷ್ಣತೆ, ಒತ್ತಡದಲ್ಲಿ ಯಾವ ಅನಿಲವೇ ಇರಲಿ, ಸಮ ಗಾತ್ರದಲ್ಲಿ ಅಷ್ಟೇ ಅಣುಗಳಿರುತ್ತವೆ ಎಂದು 1811ರಲ್ಲಿ ಬರೆದರು. ಎಣಿಕೆ ಒಂದೇ ಆದ್ಮೇಲೆ, ಅಣು ತೂಕವಿದ್ದಷ್ಟೂ ಅನಿಲದ ಸಾಂದ್ರತೆ ಹೆಚ್ಚು.

ಗಾಳಿಯ ಸರಾಸರಿ ಅಣುತೂಕ 29. ಸಿಲಿಂಡರಿನ ಪ್ರೊಪೇನ್ 44, ಸೋರಿದರೆ ನೆಲಕ್ಕಿಳಿಯುತ್ತೆ. ಪೈಪಿನಲ್ಲಿ ಬರೋ ಮೀಥೇನ್ 16, ಮೇಲೇರುತ್ತೆ. ಅದಕ್ಕೇ ಒಂದಕ್ಕೆ ಡಿಟೆಕ್ಟರ್ ನೆಲದ ಹತ್ತಿರ, ಇನ್ನೊಂದಕ್ಕೆ ಸೀಲಿಂಗ್ ಹತ್ತಿರ. ಅದಲುಬದಲಾದರೆ ಮನೆಯವರ ಜೀವಕ್ಕೇ ಅಪಾಯ.

ಅವರ ಕಾಲದಲ್ಲಿ ಈ ಮಾತನ್ನು ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. 1856ರಲ್ಲಿ ತೀರಿಕೊಂಡರು. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ಸಮ್ಮೇಳನದಲ್ಲಿ ಅವರದೇ ದೇಶದ ಕನಿಜಾರೊ ಅದನ್ನು ಎತ್ತಿ ಹಿಡಿದ ಮೇಲೇ ರಸಾಯನಶಾಸ್ತ್ರದವರು ಒಪ್ಪುತ್ತಾ ಬಂದದ್ದು.