ಗುಂಡಿನ ಗೆರೆ ಓದಿದ ಡಾಕ್ಟರ್

ಕ್ಯಾಲ್ವಿನ್ ಗೊಡ್ಡಾರ್ಡ್ ಅವರು 1891ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜನಿಸಿದರು. 1915ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದು ಸೈನ್ಯದಲ್ಲಿ ವೈದ್ಯರಾದರು. ಆದರೆ ಅವರಿಗೆ ಹೆಸರು ತಂದದ್ದು ಔಷಧವಲ್ಲ, ಬಂದೂಕಿನ ಗುಂಡು.

ಅದೇ 1915ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಎರಡು ಕೊಲೆಗಳಾದವು. ಚಾರ್ಲ್ಸ್ ಸ್ಟೀಲೋ ಎಂಬ ಬಡ ಕೂಲಿಯ ರಿವಾಲ್ವರ್‌ನಿಂದಲೇ ಗುಂಡು ಹಾರಿದೆ ಎಂದು ಪರಿಣಿತ ಎನಿಸಿಕೊಂಡವನೊಬ್ಬ ಸಾಕ್ಷಿ ಹೇಳಿದ. ಸ್ಟೀಲೋಗೆ ಮರಣದಂಡನೆಯಾಯಿತು. ಆಮೇಲೆ ಅದೇ ರಿವಾಲ್ವರ್‌ನಿಂದ ಬೇರೆ ಗುಂಡು ಹಾರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುರುತುಗಳು ಹೊಂದಲೇ ಇಲ್ಲ. 1918ರಲ್ಲಿ ಅವನ ಬಿಡುಗಡೆಯಾಯಿತು. ಆ ತನಿಖೆಯಲ್ಲಿದ್ದ ಚಾರ್ಲ್ಸ್ ವೇಟ್ 1925ರಲ್ಲಿ ಗುಂಡುಗಳ ಪರೀಕ್ಷೆಗೆಂದೇ ನ್ಯೂಯಾರ್ಕ್‌ನಲ್ಲಿ ಒಂದು ಸಂಸ್ಥೆ ಆರಂಭಿಸಿದರು. ಗೊಡ್ಡಾರ್ಡ್ ಅಲ್ಲಿಗೆ ಸೇರಿದರು.

ಬಂದೂಕಿನ ನಳಿಗೆಯ ಒಳಗೆ ಸುರುಳಿ ಗೆರೆಗಳಿರುತ್ತವೆ. ಗುಂಡು ಹಾದುಹೋಗುವಾಗ ಆ ನಳಿಗೆಯ ಗೀರುಗಳು ಅದರ ಮೈಮೇಲೆ ಮೂಡುತ್ತವೆ. ಕೊಲೆಯ ಸ್ಥಳದ ಗುಂಡನ್ನೂ ಪರೀಕ್ಷೆಗೆ ಹಾರಿಸಿದ ಗುಂಡನ್ನೂ ಪಕ್ಕಪಕ್ಕದಲ್ಲಿ ಒಟ್ಟಿಗೆ ನೋಡಲು ಗೊಡ್ಡಾರ್ಡ್ ಅವರ ಸಹೋದ್ಯೋಗಿ ಫಿಲಿಪ್ ಗ್ರಾವೆಲ್ ಜೋಡಿ ಸೂಕ್ಷ್ಮದರ್ಶಕ ಸಿದ್ಧಪಡಿಸಿದರು. ನಮ್ಮ ಅಕೌಂಟೆನ್ಸಿಯಲ್ಲಿ ಕ್ಯಾಶ್ ಬುಕ್ ಮತ್ತು ಪಾಸ್ ಬುಕ್ ಇಟ್ಟು ತಾಳೆ ನೋಡುವ ಹಾಗೆಯೇ ಇದು. ಒಂದರ ಪುಟ ಹರಿದಿದ್ದರೆ ತಾಳೆ ನೋಡುವುದು ಹೇಗೆ? ಗೋಡೆಗೆ ಹೊಡೆದರೆ ಗುಂಡು ಚಪ್ಪಟೆಯಾಗಿ ಗೆರೆ ಅಳಿಸಿಹೋಗುತ್ತದೆ. ಅದಕ್ಕೇ ಗೊಡ್ಡಾರ್ಡ್ ಹತ್ತಿಯೊಳಗೆ ಗುಂಡು ಹಾರಿಸುತ್ತಿದ್ದರು. ಹತ್ತಿ ಅದರ ವೇಗವನ್ನು ಸ್ವಲ್ಪ ಸ್ವಲ್ಪವಾಗಿ ಕುಗ್ಗಿಸಿ, ಗೆರೆ ಕೆಡದಂತೆ ನಿಲ್ಲಿಸುತ್ತಿತ್ತು. ಈಗಿನ ಪ್ರಯೋಗಾಲಯಗಳಲ್ಲಿ ಈ ಕೆಲಸವನ್ನು ಹೆಚ್ಚಾಗಿ ನೀರಿನ ತೊಟ್ಟಿ ಮಾಡುತ್ತದೆ.

1929ರ ಫೆಬ್ರವರಿ 14ರಂದು ಶಿಕಾಗೋದಲ್ಲಿ ಏಳು ಜನರನ್ನು ಗುಂಡಿಟ್ಟು ಕೊಂದರು. ಕೊಂದವರಲ್ಲಿ ಕೆಲವರು ಪೊಲೀಸ್ ಸಮವಸ್ತ್ರದಲ್ಲಿದ್ದುದರಿಂದ ಜನ ಪೊಲೀಸರನ್ನೇ ಅನುಮಾನಿಸಿದರು. ಗೊಡ್ಡಾರ್ಡ್ ಪೊಲೀಸರ ಥಾಮ್ಸನ್ ಬಂದೂಕುಗಳನ್ನು ಪರೀಕ್ಷಿಸಿದರು. ಒಂದೂ ಹೊಂದಲಿಲ್ಲ. ಡಿಸೆಂಬರ್‌ನಲ್ಲಿ ಫ್ರೆಡ್ ಬರ್ಕ್ ಎಂಬ ಪಾತಕಿಯ ಮನೆಯಲ್ಲಿ ಎರಡು ಬಂದೂಕುಗಳು ಸಿಕ್ಕವು. ಅವು ಹೊಂದಿದವು. ಮುಂದೆ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಸ್ಥಾಪನೆಯಾದ ಅಪರಾಧ ಪತ್ತೆ ಪ್ರಯೋಗಾಲಯಕ್ಕೆ ಅವರೇ ಮುಖ್ಯಸ್ಥರಾದರು. 1955ರಲ್ಲಿ ನಿಧನರಾದರು.

ಗೊಡ್ಡಾರ್ಡ್ ಅವರ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಹೊಂದಿದ ಗುಂಡುಗಳಲ್ಲ, ಹೊಂದದೇ ಹೋದ ಗುಂಡುಗಳು. ಜನರೆಲ್ಲ ಒಬ್ಬನತ್ತ ಬೆರಳು ತೋರಿಸುವಾಗಲೂ, ಅವನು ಮಾಡಿಲ್ಲ ಎಂದು ಹೇಳುವ ಧೈರ್ಯವನ್ನು ಅವು ಕೊಡುತ್ತವೆ. ಸ್ಟೀಲೋಗೆ ಬಿಡುಗಡೆ ಸಿಕ್ಕಿದ್ದು ಹಾಗೆಯೇ.