ಮುಟ್ಟದೆ ನುಡಿಸಿದ ಥೆರೆಮಿನ್

ಹಾಡೋ ಹಳೇ ಆಟಿಕೆಯನ್ನ ಬಿಚ್ಚಿ, ಅದರ ವೇಗ ನಿರ್ಧರಿಸೋ ರೆಸಿಸ್ಟರ್ ಜಾಗಕ್ಕೆ ಪೊಟೆನ್ಶಿಯೋಮೀಟರ್ ಹಾಕಿದರೆ ದನಿ ಏರುತ್ತೆ, ಇಳಿಯುತ್ತೆ. ಕೆಲವು ಆಟಿಕೆಗಳಲ್ಲಿ ಸರ್ಕ್ಯೂಟ್ ಮೇಲೆ ಬೆರಳಿಟ್ಟರೂ ಸಾಕು. ಇದಕ್ಕೆ ಸರ್ಕ್ಯೂಟ್ ಬೆಂಡಿಂಗ್ ಅಂತಾರೆ. ಹೀಗೆ ನಮ್ಮ ಮೈಯೇ ಸರ್ಕ್ಯೂಟಿನ ಭಾಗವಾಗೋದನ್ನ ನೂರು ವರ್ಷದ ಹಿಂದೆಯೇ ವಾದ್ಯವಾಗಿಸಿದವರು ರಷ್ಯಾದ ಲಿಯೋನ್ ಥೆರೆಮಿನ್.

ಅವರು ಹುಟ್ಟಿದ್ದು 1896ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಭೌತಶಾಸ್ತ್ರದ ಜೊತೆ ಚೆಲ್ಲೋ ವಾದನವನ್ನೂ ಕಲಿತರು. 1920ರ ಸುಮಾರಿಗೆ ಅನಿಲಗಳ ವಿದ್ಯುತ್ ಗುಣ ಅಳೆಯೋ ಉಪಕರಣ ಮಾಡ್ತಿದ್ದಾಗ, ಹತ್ತಿರ ಕೈ ತಂದರೆ ಅದರ ಶಬ್ದ ಬದಲಾಗೋದನ್ನ ಗಮನಿಸಿದರು. ನಮ್ಮ ಲ್ಯಾಬ್‌ನಲ್ಲಿ ಹೀಗಾದರೆ ಸ್ಟ್ರೇ ಕೆಪಾಸಿಟೆನ್ಸ್ ಅಂತ ಬೈದು, ಶೀಲ್ಡ್ ಮಾಡಿ ಮುಂದೆ ಹೋಗ್ತೀವಿ. ಚೆಲ್ಲೋಗೆ ಪಳಗಿದ ಅವರ ಕಿವಿಗೆ ಅದು ಸ್ವರವಾಗಿ ಕೇಳಿಸಿತು.

ವಾದ್ಯದ ಒಳಗೆ ಎರಡು ಆಸಿಲೇಟರ್. ಒಂದರ ಫ್ರೀಕ್ವೆನ್ಸಿ ಸ್ಥಿರ, 1,70,000 ಹರ್ಟ್ಸ್ ಅಂದುಕೊಳ್ಳಿ. ಇನ್ನೊಂದು ಆಂಟೆನಾಗೆ ಸೇರಿದ್ದು. ಕೈ ಹತ್ತಿರ ಬಂದರೆ ಕೆಪಾಸಿಟೆನ್ಸ್ ಹೆಚ್ಚಾಗಿ ಅದು 1,69,560ಕ್ಕೆ ಇಳಿಯುತ್ತೆ. ಎರಡರ ವ್ಯತ್ಯಾಸವಾದ 440 ಹರ್ಟ್ಸ್ ನಮಗೆ ಕೇಳಿಸುತ್ತೆ. ಒಂದು ಕೈ ಸ್ವರಕ್ಕೆ, ಇನ್ನೊಂದು ದನಿಯ ಏರಿಳಿತಕ್ಕೆ. ವೀಣೆಗಿರೋ ಹಾಗೆ ಮೆಟ್ಟಿಲುಗಳಿಲ್ಲ, ಎಲ್ಲಾ ಕಿವಿಯ ಮೇಲೇ ನಿಂತಿದೆ.

1922ರಲ್ಲಿ ಲೆನಿನ್ ಎದುರು ಇದನ್ನ ನುಡಿಸಿ ತೋರಿಸಿದರು. 1927ರ ಕೊನೆಗೆ ಅಮೆರಿಕಕ್ಕೆ ಹೋದರು, 1928ರಲ್ಲಿ ಪೇಟೆಂಟ್ ಸಿಕ್ಕಿತು. ಆರ್‌ಸಿಎ ಕಂಪನಿ ಸುಮಾರು 500 ವಾದ್ಯ ತಯಾರಿಸಿತು. ಆದರೆ ನುಡಿಸೋದು ಸುಲಭ ಇರಲಿಲ್ಲ. ಕ್ಲಾರಾ ರಾಕ್‌ಮೋರ್ ಅನ್ನೋ ಪಿಟೀಲು ವಾದಕಿ ವರ್ಷಗಟ್ಟಲೆ ಸಾಧನೆ ಮಾಡಿ, ಇದರಲ್ಲೂ ಶಾಸ್ತ್ರೀಯ ಸಂಗೀತ ಸಾಧ್ಯ ಅಂತ ತೋರಿಸಿದರು.

1938ರಲ್ಲಿ ಥೆರೆಮಿನ್ ಸೋವಿಯತ್ ದೇಶಕ್ಕೆ ಮರಳಿದರು. ಅಮೆರಿಕದಲ್ಲಿ ಉಳಿದ ಹೆಂಡತಿ, ನೃತ್ಯಗಾರ್ತಿ ಲವಿನಿಯಾ ವಿಲಿಯಮ್ಸ್ ಅವರನ್ನ ಮತ್ತೆಂದೂ ನೋಡಲಿಲ್ಲ. ಮರುವರ್ಷವೇ ಬಂಧನವಾಯಿತು. ಕೊಲಿಮಾದ ಶಿಬಿರ, ಆಮೇಲೆ ವಿಜ್ಞಾನಿಗಳನ್ನ ಕೂಡಿಹಾಕಿ ಕೆಲಸ ಮಾಡಿಸೋ ಜೈಲು. ಅಲ್ಲಿ ಅವರ ಕೈಯಿಂದ ಕದ್ದು ಕೇಳೋ ಸಾಧನ ಮಾಡಿಸಿದರು. 1945ರಲ್ಲಿ ಸೋವಿಯತ್ ಮಕ್ಕಳು ಅಮೆರಿಕದ ರಾಯಭಾರಿಗೆ ಕೊಟ್ಟ ಮರದ ಲಾಂಛನದೊಳಗೆ ಅದು ಅಡಗಿತ್ತು. ಬ್ಯಾಟರಿ ಇಲ್ಲ, ವೈರ್ ಇಲ್ಲ. ಹೊರಗಿಂದ ರೇಡಿಯೋ ತರಂಗ ಬಿಟ್ಟಾಗ ಮಾತ್ರ ಕೆಲಸ ಮಾಡೋದು. ಮಾತಿನ ಕಂಪನಕ್ಕೆ ಒಳಗಿನ ತೆಳು ಪೊರೆ ಅಲುಗಿ ಕೆಪಾಸಿಟೆನ್ಸ್ ಬದಲಾಗ್ತಿತ್ತು. 1952ರವರೆಗೂ ಅದು ಸಿಕ್ಕಿಬೀಳಲಿಲ್ಲ. ಕೈಯಾಡಿಸಿದರೆ ಹಾಡ್ತಿದ್ದ ವಿದ್ಯೆಯೇ ಇಲ್ಲಿ ಗುಟ್ಟು ಕೇಳೋಕೆ ಬಳಕೆಯಾಯಿತು. ಮಾಡಿದವರಿಗೆ ಬೇಡ ಅನ್ನೋ ಸ್ವಾತಂತ್ರ್ಯ ಇರಲಿಲ್ಲ.

ಆ ಕಡೆ ಅಮೆರಿಕದಲ್ಲಿ ರಾಬರ್ಟ್ ಮೂಗ್ ಅನ್ನೋ ಹುಡುಗ ಮನೆಯಲ್ಲೇ ಥೆರೆಮಿನ್ ಕಟ್ಟಿದ. ಮುಂದೆ 1964ರಲ್ಲಿ ತನ್ನ ಹೆಸರಿನ ಸಿಂಥಸೈಸರ್ ರೂಪಿಸಿದ. ಥೆರೆಮಿನ್ 1991ರಲ್ಲಿ, 95ನೇ ವಯಸ್ಸಿನಲ್ಲಿ, ಮತ್ತೆ ಅಮೆರಿಕಕ್ಕೆ ಹೋಗಿ ಕ್ಲಾರಾ ಅವರನ್ನ ಕಂಡರು. 1993ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡರು.

ನೀವೂ ಆಟಿಕೆ ಬಿಚ್ಚೋದಾದರೆ ಬ್ಯಾಟರಿಯದ್ದನ್ನೇ ಬಿಚ್ಚಿ, ಪ್ಲಗ್ ಇರೋದನ್ನ ಮುಟ್ಟಬೇಡಿ. ಬೆರಳಿಟ್ಟಾಗ ಅದು ಕುಯ್ಯೋ ಅಂದರೆ ತಕ್ಷಣ ಕೈ ತೆಗೀಬೇಡಿ, ಸ್ವಲ್ಪ ಹೊತ್ತು ಕೇಳಿ.